ಕರಡಿಗೆ ವಾಟರ್‌ಕಲರ್, ಕೂದಲಿಗೆ ಪೆನ್ಸಿಲ್, ಬಂಡೆಗೆ ಹರಿದ ಕಾಗದ: ಮೂರನ್ನೂ ಕೂಡಿಸಬಹುದಾ?

ತುಂಗಭದ್ರೆ_ಕುಂಚ

ಎಲ್ಲರಿಗೂ ನಮಸ್ಕಾರ. ಐದರಿಂದ ಏಳು ವರ್ಷದ ಮಕ್ಕಳಿಗೆ ಒಂದು ಚಿತ್ರಪುಸ್ತಕ ಮಾಡುತ್ತಿದ್ದೇನೆ. 24 ಪುಟ. ಕಥೆ ಗೆಳತಿಯದು, ಚಿತ್ರ ನನ್ನದು. ಒಂದು ತಾಯಿ ಕರಡಿ, ಎರಡು ಮರಿ. ಎಲ್ಲ ನಡೆಯುವುದು ನಮ್ಮ ಹೊಸಪೇಟೆ ಕಡೆಯ ಬಂಡೆಗಳ ನಡುವೆ, ದರೋಜಿ ಕರಡಿಧಾಮದಂಥ ಜಾಗದಲ್ಲಿ.

ಬರೀ ವಾಟರ್‌ಕಲರಿನಲ್ಲಿ ಮಾಡಿದರೆ ಆಕಾಶ, ಒಣಹುಲ್ಲು, ಕುರುಚಲು ಗಿಡ ಎಲ್ಲ ಚೆನ್ನಾಗಿ ಬರುತ್ತವೆ. ಕರಡಿ ಮಾತ್ರ ಕಪ್ಪು ಮುದ್ದೆ. ಬರೀ ಕಲರ್ ಪೆನ್ಸಿಲಿನಲ್ಲಿ ಕರಡಿಗೆ ಜೀವ ಬರುತ್ತದೆ, ಆದರೆ ಒಂದು ಪುಟ ಮುಗಿಯುವಷ್ಟರಲ್ಲಿ ಕೈ ಬಿದ್ದುಹೋಗುತ್ತದೆ. ಹಾಗಾಗಿ ಕೂಡಿಸಿ ನೋಡುತ್ತಿದ್ದೇನೆ. ಕೆಳಗೆ ವಾಟರ್‌ಕಲರ್, ಮೇಲೆ ಪೆನ್ಸಿಲಿನ ಕೂದಲು, ಬಂಡೆಗಳಿಗೆ ಹರಿದು ಅಂಟಿಸಿದ ಕಾಗದ.

ತುಂಡು ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಇಡೀ ಪುಸ್ತಕಕ್ಕೆ ತಾಳುತ್ತದಾ ಅನ್ನುವುದೇ ಪ್ರಶ್ನೆ. ಯಾವುದರ ಮೇಲೆ ಯಾವುದು ಕೂರುತ್ತದೆ? ಎಂಥ ಕಾಗದ ಬೇಕು? ಕಪ್ಪು ಮೈಯೊಳಗೆ ವಿವರ ಉಳಿಸಿಕೊಳ್ಳುವುದು ಹೇಗೆ? ಕರಡಿಯೇ ಆಗಬೇಕೆಂದಿಲ್ಲ, ಯಾವುದೇ ಪ್ರಾಣಿ ಪಾತ್ರ ಮಾಡಿದವರಿದ್ದರೆ ಹೇಳಿ.

ಹಳೇಬ್ರಷ್

ಮೊದಲು ಕಾಗದ. 300 ಜಿಎಸ್‌ಎಂಗಿಂತ ಕೆಳಗೆ ಇಳಿಯಬೇಡಿ, ಅಂದರೆ ಒಂದು ಚದರ ಮೀಟರ್ ಕಾಗದ 300 ಗ್ರಾಂ ತೂಗಬೇಕು. ಮೇಲೆ ಕಾಗದ ಬೇರೆ ಅಂಟಿಸುತ್ತೀರಿ, ತೆಳು ಹಾಳೆ ದೋಣಿಯಾಗುತ್ತದೆ. ಹತ್ತಿಯ ಕಾಗದ ತುಟ್ಟಿ. ನಿಮಗೆ ಅದೇ ಬೇಕು ಅಂತ ನಾನು ಹೇಳುವುದಿಲ್ಲ. ಒಂದೆರಡು ಪದರ ಬಣ್ಣ ಹಾಕಿ ಮೇಲೆ ಪೆನ್ಸಿಲ್ ಓಡಿಸುವುದಾದರೆ ಮರದ ತಿರುಳಿನ ಸೆಲ್ಯುಲೋಸ್ ಕಾಗದವೂ ನಡೆಯುತ್ತದೆ. ಪದರದ ಮೇಲೆ ಪದರ ಹಾಕುವುದು, ಉಜ್ಜುವುದು, ಮತ್ತೆ ಒದ್ದೆ ಮಾಡುವುದು ಇದ್ದರೆ ಹತ್ತಿ ತಗೊಳ್ಳಿ.

ತೂಕಕ್ಕಿಂತ ಕಾಗದದ ಮೈ ಹೇಗಿದೆ ಅನ್ನುವುದು ಜಾಸ್ತಿ ಮುಖ್ಯ. ಹಾಟ್ ಪ್ರೆಸ್ ನುಣುಪು, ಕೋಲ್ಡ್ ಪ್ರೆಸ್ ತರಿತರಿ. ಕೋಲ್ಡ್ ಪ್ರೆಸ್ಸಿನ ಮೇಲೆ ಪೆನ್ಸಿಲ್ ಎಳೆದರೆ ತಗ್ಗುಗಳಲ್ಲಿ ಬಣ್ಣ ಹತ್ತುವುದಿಲ್ಲ, ಕೆಳಗಿನ ಬಣ್ಣ ಚುಕ್ಕೆಚುಕ್ಕೆಯಾಗಿ ಇಣುಕುತ್ತದೆ. ನವಿಲಿನ ಕುತ್ತಿಗೆ ಬರೆಯುವವರಿಗೆ ಅದು ತಲೆನೋವು. ಕರಡಿಗೆ ಲಾಭ. ಒರಟು ಕೂದಲಿನ ಅರ್ಧ ಕೆಲಸ ಕಾಗದವೇ ಮಾಡಿಕೊಡುತ್ತದೆ.

ಇನ್ನು ಯಾವುದರ ಮೇಲೆ ಯಾವುದು. ನೀರಿನದು ಮೊದಲು, ಮೇಣದ್ದು ಆಮೇಲೆ. ಕಲರ್ ಪೆನ್ಸಿಲ್, ಕ್ರೇಯಾನ್, ಆಯಿಲ್ ಪೇಸ್ಟೆಲ್ ಎಲ್ಲದರಲ್ಲೂ ಮೇಣವೋ ಎಣ್ಣೆಯೋ ಇರುತ್ತದೆ. ಅದು ಕೂತ ಜಾಗದಲ್ಲಿ ನೀರು ನಿಲ್ಲುವುದಿಲ್ಲ. ಬೇಕಂತಲೇ ಹಾಗೆ ಮಾಡುವುದೂ ಉಂಟು. ಬಿಳಿ ಮೇಣದಬತ್ತಿಯಿಂದ ಗೀರಿ ಮೇಲೆ ಬಣ್ಣ ಹಾಯಿಸಿದರೆ ಗೀರು ಬಿಳಿಯಾಗಿಯೇ ಉಳಿಯುತ್ತದೆ. ಒಣಹುಲ್ಲಿಗೆ ಇದು ಸುಲಭದ ಉಪಾಯ. ಒಂದೇ ತೊಂದರೆ, ಬಿಳಿ ಕಾಗದದ ಮೇಲೆ ಬಿಳಿ ಮೇಣ ಎಲ್ಲಿ ಬಿತ್ತು ಅಂತ ಕಾಣುವುದಿಲ್ಲ. ಕಿಟಕಿಯ ಕಡೆ ಓರೆ ಹಿಡಿದು ನೋಡಬೇಕು.

ಪೆನ್ಸಿಲ್ ಮುಟ್ಟುವ ಮೊದಲು ಬಣ್ಣ ಪೂರ್ತಿ ಒಣಗಿರಲಿ. ಅಂಗೈ ತಿರುಗಿಸಿ ಬೆರಳ ಹಿಂಭಾಗ ತಾಗಿಸಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಅಂತ ಅರ್ಥ.

ಕಾಡುಪಾಪ

ಕಾಗದ ಆಮೇಲೆ ತರೋಣ, ಮೊದಲು ಪ್ರಾಣಿ ನೋಡೋಣ ಅನ್ನುವವನು ನಾನು. ನಮ್ಮ ಮಕ್ಕಳ ಪುಸ್ತಕಗಳಲ್ಲಿ ಬರುವ ಕರಡಿಗಳಲ್ಲಿ ಎಷ್ಟೋ ನಮ್ಮವೇ ಅಲ್ಲ. ಗುಂಡು ಮುಖ, ಕಂದು ಮೈ, ಗಿಡ್ಡ ಮೂತಿ. ಅವು ಚಳಿದೇಶದವು. ದರೋಜಿಯಲ್ಲಿ 1994ರಲ್ಲಿ ಧಾಮ ಮಾಡಿದ್ದು ಬೇರೆ ಜಾತಿಗೆ, ಇಂಗ್ಲಿಷಿನವರು ಸ್ಲಾತ್ ಬೇರ್ ಅನ್ನುವ ಜಾತಿಗೆ.

ಇದರ ಮೂತಿ ಉದ್ದ, ಮಾಸಲು ಬಿಳಿ. ತುಟಿ ಸಡಿಲ, ಮುಂದಕ್ಕೆ ಚಾಚುತ್ತದೆ. ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದಲೇ ಗೆದ್ದಲು ಹೀರುತ್ತದೆ. ಎದೆಯ ಮೇಲೆ ಇಂಗ್ಲಿಷಿನ ವಿ ಅಥವಾ ವೈ ಅಕ್ಷರದಂಥ ಬಿಳಿ ಗುರುತು. ಉಗುರು ಉದ್ದ, ಬಾಗಿದ್ದು, ದಂತದ ಬಣ್ಣ. ಕುತ್ತಿಗೆ, ಭುಜ, ಕಿವಿಯ ಸುತ್ತ ಕೂದಲು ಉದ್ದ, ಬಾಚದ ತಲೆಯ ಹಾಗೆ.

ಕಪ್ಪು ಮೈಯಲ್ಲಿ ವಿವರ ಉಳಿಸುವುದು ಹೇಗೆ ಅಂತ ಕೇಳಿದ್ದೀರಿ. ಅರ್ಧ ಉತ್ತರ ಕರಡಿಯೇ ಕೊಟ್ಟಿದೆ. ಮೂತಿ, ಎದೆಗುರುತು, ಉಗುರು, ಮೂರೂ ತಿಳಿಬಣ್ಣ. ಈ ಮೂರು ಸರಿಯಾದ ಜಾಗದಲ್ಲಿ ಕೂತರೆ ಉಳಿದದ್ದು ಮುದ್ದೆಯಾಗಿದ್ದರೂ ಮಗು ಅದನ್ನು ಕರಡಿ ಅಂತಲೇ ಓದುತ್ತದೆ. ಭಾವನೆ ತೋರಿಸಲು ಹುಬ್ಬು ಬರೆಯಲು ಹೋಗಬೇಡಿ. ತುಟಿ ಮತ್ತು ಮೂತಿಯ ಕೋನ ಸಾಕು.

ಇನ್ನೊಂದು ವಿಷಯ. ಮರಿಗಳು ತಾಯಿಯ ಬೆನ್ನೇರಿ ಸವಾರಿ ಮಾಡುತ್ತವೆ. ಇದನ್ನು ಬಿಡಬೇಡಿ. ಆದರೆ ಅಲ್ಲಿ ಕಪ್ಪಿನ ಮೇಲೆ ಕಪ್ಪು ಬರುತ್ತದೆ. ನಿಮಗೆ ನಿಜವಾದ ಪರೀಕ್ಷೆ ಆ ಪುಟವೇ.

ತುಂಗಭದ್ರೆ_ಕುಂಚ

ಬೆನ್ನ ಮೇಲಿನ ಮರಿಗಳು ಕಥೆಯಲ್ಲಿ ಇವೆ ಸರ್, ಒಂದಲ್ಲ, ಐದು ಪುಟ! ಅಲ್ಲೇ ಸಿಕ್ಕಿಹಾಕಿಕೊಂಡಿರುವುದು. ಮರಿ ಯಾವುದು, ತಾಯಿಯ ಭುಜ ಯಾವುದು ಅಂತ ನನಗೇ ಗೊತ್ತಾಗುತ್ತಿಲ್ಲ.

ನೀರು_ಬಣ್ಣ

ಟ್ಯೂಬಿನ ಕಪ್ಪನ್ನು ಪೆಟ್ಟಿಗೆಯಿಂದ ಆಚೆ ಇಡಿ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಅಂಬರ್ ಅನ್ನುವ ಕಂದು ಕೂಡಿಸಿದರೆ ಕಪ್ಪಿಗಿಂತ ಚೆಂದದ ಕಪ್ಪು ಬರುತ್ತದೆ. ನೀಲಿ ಜಾಸ್ತಿಯಾದರೆ ತಂಪು ಕಪ್ಪು, ಅಂಬರ್ ಜಾಸ್ತಿಯಾದರೆ ಬೆಚ್ಚನೆಯ ಕಪ್ಪು. ತಾಯಿಯನ್ನು ತಂಪು ಕಪ್ಪಿನಲ್ಲಿ, ಮರಿಗಳನ್ನು ಬೆಚ್ಚನೆಯದರಲ್ಲಿ ಮಾಡಿ. ಇಬ್ಬರ ನಡುವೆ ಕೂದಲೆಳೆಯಷ್ಟು ಕಾಗದ ಹಾಗೇ ಬಿಡಿ. ಎರಡು ಒದ್ದೆ ಬಣ್ಣ ಒಂದಕ್ಕೊಂದು ತಾಗಬಾರದು. ಒಣಗಿದ ಮೇಲೆ ಆ ಬಿಳಿ ಗೆರೆಯನ್ನು ಬೇಕಾದಷ್ಟೇ ಮುಚ್ಚಿಕೊಳ್ಳಬಹುದು.

ತಟ್ಟೆಯಲ್ಲಿ ಪೂರ್ತಿ ಕಲಸಬೇಡಿ. ಕಾಗದದ ಮೇಲೆ ಅವೇ ಕೂಡಲಿ. ಅಲ್ಟ್ರಾಮರೀನಿನ ಕಣಗಳು ತರಿಗಳ ತಗ್ಗಿನಲ್ಲಿ ಇಳಿದು ಕೂರುತ್ತವೆ. ಅಲ್ಲಲ್ಲಿ ನೀಲಿ, ಅಲ್ಲಲ್ಲಿ ಕಂದು ಕಾಣುತ್ತದೆ. ಬಿಸಿಲಲ್ಲಿ ನಿಂತ ಕಪ್ಪು ಪ್ರಾಣಿಯ ಮೈ ಹಾಗೇ ಇರುವುದು.

ಕೂದಲಿಗೆ ಒಂದು ಉಪಾಯ ಇದೆ, ಮಸಿ ಮುಗಿದ ಬಾಲ್‌ಪೆನ್ ಸಾಕು. ಕಾಗದದ ಮೇಲೆ ಒತ್ತಿ ಕೂದಲಿನ ಗೆರೆ ಎಳೆಯಿರಿ. ಆದರೆ ಯಾವಾಗ ಒತ್ತುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ವಾಟರ್‌ಕಲರ್ ಹಾಕುವ ಮೊದಲು ಒತ್ತಿದರೆ ಬಣ್ಣ ಆ ಕಾಲುವೆಗೆ ಇಳಿದು ಗೆರೆ ಕಪ್ಪಾಗುತ್ತದೆ. ಬಣ್ಣ ಒಣಗಿದ ಮೇಲೆ ಒತ್ತಿ, ಆಮೇಲೆ ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜಿದರೆ ಪೆನ್ಸಿಲ್ ಕಾಲುವೆಗೆ ಇಳಿಯುವುದಿಲ್ಲ. ಅಲ್ಲಿ ಕೆಳಗಿನ ತಿಳಿ ಬಣ್ಣವೇ ಗೆರೆಯಾಗಿ ಉಳಿಯುತ್ತದೆ. ಮೊದಲನೆಯದು ನೆರಳಿನ ಕೂದಲಿಗೆ, ಎರಡನೆಯದು ಬೆಳಕಿನ ಕೂದಲಿಗೆ. ಒಂದೇ ಪೆನ್ನು, ಎರಡು ಕೆಲಸ.

ಮೈಯೆಲ್ಲ ಕೂದಲು ಬರೆಯಬೇಡಿ. ಅಂಚಿನಲ್ಲಿ, ಮೈ ತಿರುಗುವ ಕಡೆ, ಬೆಳಕು ಬಿದ್ದ ಭುಜದ ಮೇಲೆ, ಅಷ್ಟೇ.

ಕರಾವಳಿ_ಕತ್ತರಿ

ಉಡುಪಿಯಿಂದ ನಮಸ್ಕಾರ. ಇಲ್ಲಿ ಯಾರೂ ಅಂಟಿನ ಬಗ್ಗೆ ಮಾತಾಡಲೇ ಇಲ್ಲವಲ್ಲ ಮಾರಾಯ್ರೆ! ಕೊಲಾಜ್, ಅಂದರೆ ಕಾಗದ ಅಂಟಿಸಿ ಮಾಡುವ ಚಿತ್ರ, ಕೆಡುವುದು ಬಣ್ಣದಿಂದ ಅಲ್ಲ, ಅಂಟಿನಿಂದ.

ಫೆವಿಕಾಲಿನಂಥ ಬಿಳಿ ಅಂಟನ್ನು ಡಬ್ಬಿಯಿಂದ ತೆಗೆದು ಹಾಗೇ ಬಳಿದರೆ ತೆಳು ಕಾಗದ ಸುಕ್ಕಾಗುತ್ತದೆ. ಸ್ವಲ್ಪ ನೀರು ಬೆರೆಸಿ, ಚಪ್ಪಟೆ ಬ್ರಷ್ಷಿನಿಂದ ತೆಳ್ಳಗೆ ಬಳಿಯಿರಿ. ನಡುವಿನಿಂದ ಹೊರಗೆ ಒತ್ತುತ್ತಾ ಹೋಗಿ. ಮೇಲೆ ಬಟರ್ ಪೇಪರ್ ಹಾಕಿ, ಭಾರದ ಪುಸ್ತಕ ಇಟ್ಟು ರಾತ್ರಿಯಿಡೀ ಬಿಡಿ. ನಮ್ಮ ಕಡೆ ಮಳೆಗಾಲದಲ್ಲಿ ಒಂದು ರಾತ್ರಿ ಸಾಲುವುದಿಲ್ಲ. ಮೈದಾ ಅಂಟು ಇನ್ನೂ ಒಳ್ಳೆಯದು, ತಪ್ಪಾದರೆ ಒದ್ದೆ ಮಾಡಿ ಎಬ್ಬಿಸಬಹುದು. ಆದರೆ ಹುಳಕ್ಕೂ ಅದು ಇಷ್ಟ. ಹಳೇ ಬೈಂಡಿಂಗಿನವರು ಚಿಟಿಕೆ ಮೈಲುತುತ್ತ ಹಾಕಿ ಕುದಿಸುತ್ತಿದ್ದರು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ.

ಬಂಡೆಗೆ ಕಾಗದ ಎಲ್ಲಿಂದ? ಹಳೇ ಲಗ್ನಪತ್ರಿಕೆ. ಒಳಗಿನ ತರಿ ಕಾಗದ, ಹೊರಗಿನ ಲಕೋಟೆ, ಎಷ್ಟೊಂದು ಬಗೆ. ಬೆಂಗಳೂರಿನವರಾದರೆ ಸುಲ್ತಾನ್‌ಪೇಟೆಗೆ ಹೋಗಿ ಕಾಗದ ಮುಟ್ಟಿ ನೋಡಿಯೇ ತರಬಹುದು. ಗಾಳಿಪಟದ ಕಾಗದ ಬಳಸುವಿರಾದರೆ ಎಚ್ಚರ. ಅದರ ಬಣ್ಣ ನೀರಿಗೆ ಬಿಡುತ್ತದೆ. ನನಗೆ ಅದೇ ಇಷ್ಟ. ಒದ್ದೆ ಹಾಳೆಯ ಮೇಲೆ ಕೆಂಪು ಗಾಳಿಪಟದ ಕಾಗದ ಇಟ್ಟು ತೆಗೆದರೆ ಸಂಜೆಯ ಆಕಾಶ ತಾನೇ ಬರುತ್ತದೆ. ಆದರೆ ಬಿಸಿಲಿಗೆ ಬೇಗ ಮಾಸುತ್ತದೆ. ಸ್ಕ್ಯಾನ್ ಮಾಡಿಕೊಂಡು ಮೂಲಚಿತ್ರದ ಆಸೆ ಬಿಡಿ.

ನ್ಯೂಸ್‌ಪೇಪರ್ ಬೇಡವೇ ಬೇಡ. ಅದರಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ, ಹಳದಿಯಾಗುತ್ತದೆ. ಮನೆಯ ಇಂಕ್‌ಜೆಟ್ಟಿನಲ್ಲಿ ಮುದ್ರಿಸಿದ್ದನ್ನೂ ಅಂಟಿಸಬೇಡಿ, ಒದ್ದೆ ಅಂಟಿಗೆ ಮಸಿ ಹರಡುತ್ತದೆ. ಜೆರಾಕ್ಸ್ ಅಥವಾ ಲೇಸರ್ ಆದರೆ ಅಲ್ಲಾಡುವುದಿಲ್ಲ.

ಮತ್ತೆ ಹಳೇಬ್ರಷ್ ಹೇಳಿದ ಕ್ರಮ ಸರಿ. ನಮ್ಮ ಹುಲಿವೇಷಕ್ಕೆ ಬಣ್ಣ ಬರೆಯುವವರನ್ನು ನೋಡಿ. ಮೊದಲು ಮೈಯೆಲ್ಲ ಹಳದಿ, ಅದು ಒಣಗುವವರೆಗೆ ವೇಷದವರು ಕೈ ಅಗಲಿಸಿ ನಿಂತಿರುತ್ತಾರೆ. ಆಮೇಲೆಯೇ ಕಪ್ಪು ಪಟ್ಟೆ. ಅವಸರ ಮಾಡಿದರೆ ಹುಲಿಯೇ ಕಲಸಿಹೋಗುತ್ತದೆ.

ಒಂದೇ_ಪೆನ್ಸಿಲ್

ಎಲ್ಲರೂ ಹೇಗೆ ಕೂಡಿಸುವುದು ಅಂತ ಹೇಳುತ್ತಿದ್ದೀರಿ. ಯಾಕೆ ಕೂಡಿಸಬೇಕು ಅಂತ ಒಬ್ಬರೂ ಕೇಳಲಿಲ್ಲ. ಈಗ ಮಿಕ್ಸೆಡ್ ಮೀಡಿಯಾ ಅಂದರೆ ಫ್ಯಾಷನ್ ಆಗಿದೆ. ಒಂದು ಪುಟದಲ್ಲಿ ಅಕ್ರಿಲಿಕ್, ಲೇಸು, ಗುಂಡಿ, ಎಲೆ, ಚಿನ್ನದ ಹಾಳೆ. ಪ್ರಾಣಿ ಎಲ್ಲಿದೆ ಅಂತ ಹುಡುಕಬೇಕು.

ಹರಿದ ಕಾಗದದ ಬಂಡೆಯ ಮುಂದೆ ನವಿರಾಗಿ ಪೆನ್ಸಿಲ್ ಮಾಡಿದ ಕರಡಿ ನಿಂತರೆ ಅದು ಅಲ್ಲಿ ನಿಂತ ಹಾಗೆ ಕಾಣುವುದಿಲ್ಲ, ತಂದು ಇಟ್ಟ ಹಾಗೆ ಕಾಣುತ್ತದೆ. ಎರಡು ಬೇರೆ ಪುಸ್ತಕಗಳ ಚಿತ್ರ ಒಂದೇ ಹಾಳೆಯಲ್ಲಿ. ನನ್ನ ಸಲಹೆ, ಪೆನ್ಸಿಲಿನಲ್ಲೇ ಮಾಡಿ. ನಿಧಾನವಾದರೆ ಆಗಲಿ.

ನೀರು_ಬಣ್ಣ

ನೀವು ಹೇಳುವ ಕಾಯಿಲೆ ನಿಜ, ಔಷಧಿ ಒಪ್ಪುವುದಿಲ್ಲ. ಅಂಚಿನಲ್ಲಿ ಒಂದಕ್ಕೊಂದು ಕೈಕೊಡಬೇಕು, ಅಷ್ಟೇ. ಕರಡಿಯ ಕಾಲ ಬುಡದಲ್ಲಿ ಒಂದು ತಿಳಿ ನೆರಳನ್ನು ವಾಟರ್‌ಕಲರಿನಲ್ಲಿ ಹಾಕಿ. ಆ ನೆರಳು ಅಂಟಿಸಿದ ಬಂಡೆಯ ಮೇಲೂ ಹರಿಯಲಿ. ಕರಡಿಗೆ ಬಳಸಿದ ಅದೇ ಪೆನ್ಸಿಲಿನಿಂದ ಬಂಡೆಯ ಬಿರುಕನ್ನೂ ನಾಲ್ಕು ಕಡೆ ಗೀರಿ. ಆಗ ಬಂಡೆ, ಕರಡಿ ಒಂದೇ ಊರಿನವು ಅನ್ನಿಸುತ್ತವೆ.

ಒಂದೇ_ಪೆನ್ಸಿಲ್

ಅದು ಒಪ್ಪಬಹುದಾದ ಮಾತು. ಹಾಗಾದರೆ ನನ್ನ ಮಾತನ್ನು ಹೀಗೆ ತಿದ್ದಿಕೊಳ್ಳುತ್ತೇನೆ. ಪ್ರತಿಯೊಂದು ಸಾಮಗ್ರಿಗೂ ಒಂದು ಕೆಲಸ ಕೊಡಿ, ಆ ಕೆಲಸವನ್ನು ಪುಸ್ತಕ ಮುಗಿಯುವವರೆಗೆ ಬದಲಿಸಬೇಡಿ. ಜೀವ ಇರುವುದಕ್ಕೆಲ್ಲ ಪೆನ್ಸಿಲ್, ಗಟ್ಟಿ ಇರುವುದಕ್ಕೆಲ್ಲ ಕಾಗದ, ಗಾಳಿ-ಬೆಳಕಿಗೆ ವಾಟರ್‌ಕಲರ್. ಮೂರನೇ ಪುಟದಲ್ಲಿ ಬಂಡೆ ಕಾಗದವಾಗಿದ್ದು ಹತ್ತನೇ ಪುಟದಲ್ಲಿ ಬಣ್ಣವಾಗಿದ್ದರೆ ಮಗುವಿಗೆ ಕಾರಣ ಗೊತ್ತಾಗುವುದಿಲ್ಲ, ಆದರೆ ಏನೋ ತಪ್ಪಿದೆ ಅಂತ ಗೊತ್ತಾಗುತ್ತದೆ.

ತುಂಗಭದ್ರೆ_ಕುಂಚ

ಇದು ಸಿಕ್ಕಿದ್ದು ಒಳ್ಳೆಯದಾಯಿತು. ಜೀವ ಇರುವುದಕ್ಕೆ ಪೆನ್ಸಿಲ್ ಅಂದರೆ ಹುತ್ತ ಯಾವ ಕಡೆ ಬರುತ್ತದೆ? ಹುತ್ತ ಗಟ್ಟಿ, ಆದರೆ ಒಳಗೆ ಜೀವ. ತಮಾಷೆಗೆ ಕೇಳುತ್ತಿಲ್ಲ. ಕಥೆಯ ನಡುಭಾಗ ನಡೆಯುವುದೇ ಹುತ್ತದ ಮುಂದೆ.

ಕಾಗದ ಹರಿಯುವುದನ್ನೂ ನೋಡಿದೆ. ಕತ್ತರಿಯಿಂದ ಕತ್ತರಿಸಿದ ಬಂಡೆ ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ. ಕೈಯಲ್ಲಿ ಹರಿದರೆ ಬಣ್ಣದ ಕಾಗದದ ಒಳಗಿನ ಬಿಳಿ ಅಂಚಿನಲ್ಲಿ ಕಾಣುತ್ತದೆ. ಹರಿಯುವ ದಿಕ್ಕು ಬದಲಿಸಿದರೆ ಆ ಬಿಳಿ ಒಂದು ತುಂಡಿಗೆ ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ. ಬಿಸಿಲು ಬಿದ್ದ ಕಡೆಗೆ ಬಿಳಿ ಅಂಚಿನ ತುಂಡು, ನೆರಳಿನ ಕಡೆಗೆ ಇನ್ನೊಂದು. ಕಾಗದದ ನಾರು ಓಡುವ ದಿಕ್ಕಿನಲ್ಲಿ ಹರಿದರೆ ನೆಟ್ಟಗೆ ಹೋಗುತ್ತದೆ, ಅಡ್ಡ ಹರಿದರೆ ಅಂಕುಡೊಂಕು. ನಮ್ಮ ಬಂಡೆಗಳಿಗೆ ಎರಡೂ ಬೇಕು. ಮೇಲೆ ದುಂಡು, ಬಿರುಕಿನಲ್ಲಿ ಚೂಪು.

ಮಲೆನಾಡ_ಮಣ್ಣು

ಹುತ್ತಕ್ಕೆ ಮಣ್ಣೇ ಬಳಸಿ ಅಕ್ಕಾ. ಸಾಗರದ ಕಡೆಯವಳು ನಾನು. ನಮ್ಮಲ್ಲಿ ದೀವರ ಮನೆಗಳ ಹಸೆ ಚಿತ್ತಾರದಲ್ಲಿ ಗೋಡೆಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಬೀಜ, ಬ್ರಷ್ಷಿಗೆ ಪುಂಡಿ ನಾರು. ಸಾಮಗ್ರಿ ಕೂಡಿಸುವುದು ಹೊಸ ಫ್ಯಾಷನ್ ಏನೂ ಅಲ್ಲ ಅಂತ ಮೇಲಿನವರಿಗೂ ಹೇಳಿದ ಹಾಗಾಯಿತು.

ಮಣ್ಣಿನಿಂದ ಬಣ್ಣ ಮಾಡುವುದು ಕಷ್ಟವಲ್ಲ. ಕೆಮ್ಮಣ್ಣನ್ನು ನೀರಿನಲ್ಲಿ ಕಲಕಿ ಸ್ವಲ್ಪ ಹೊತ್ತು ಬಿಡಿ. ಮರಳು, ಕಲ್ಲು ತಳಕ್ಕೆ ಹೋಗುತ್ತದೆ. ಮೇಲಿನ ಕೆಂಪು ನೀರನ್ನು ಬಟ್ಟೆಯಲ್ಲಿ ಸೋಸಿ ಬೇರೆ ಪಾತ್ರೆಗೆ ಬಗ್ಗಿಸಿ. ಅದು ತಿಳಿಯಾಗುವವರೆಗೆ ಕಾಯಿರಿ. ಕೊನೆಗೆ ತಳದಲ್ಲಿ ಕೂರುವ ನುಣುಪು ಮಣ್ಣೇ ಬಣ್ಣ. ಗೋಂದನ್ನು ನೀರಿನಲ್ಲಿ ಕರಗಿಸಿ ಅದಕ್ಕೆ ಸೇರಿಸಿ. ಗೋಂದು ಕಡಿಮೆಯಾದರೆ ಒಣಗಿದ ಮೇಲೆ ಬೆರಳಿಗೆ ಪುಡಿ ಹತ್ತುತ್ತದೆ, ಜಾಸ್ತಿಯಾದರೆ ಬಿರಿಯುತ್ತದೆ. ಹುತ್ತಕ್ಕೆ ಬಿರಿದರೂ ಚೆಂದ!

ಪುಂಡಿ ನಾರಿನ ಬ್ರಷ್ ಕರಡಿಯ ಕೂದಲಿಗೂ ಆಗುತ್ತದೆ. ತುದಿಯನ್ನು ಜಜ್ಜಿ ಎಳೆಎಳೆ ಬಿಡಿಸಿ, ಬಣ್ಣದಲ್ಲಿ ಅದ್ದಿ, ಹಳೇ ಬಟ್ಟೆಗೆ ಒತ್ತಿ ಮುಕ್ಕಾಲು ಒಣಗಿಸಿ, ಆಮೇಲೆ ಕಾಗದಕ್ಕೆ. ಒಂದೇ ಎಳೆತಕ್ಕೆ ಹತ್ತಾರು ಗೆರೆ ಬರುತ್ತವೆ. ಅಂಗಡಿಯ ನುಣುಪು ಬ್ರಷ್ಷಿನಲ್ಲಿ ಈ ಒರಟು ಬರುವುದಿಲ್ಲ.

ಒಂದು ಮಾತು ಮಾತ್ರ. ಚಿತ್ತಾರದ ಎಳೆಗಳನ್ನು ತಂದು ಕರಡಿಯ ಹೊಟ್ಟೆಗೆ ಅಲಂಕಾರ ಮಾಡಬೇಡಿ. ಅವು ಮದುವೆಯ ಹಸೆಗೆ ಬರೆಯುವಂಥವು. ಸಾಮಗ್ರಿಯನ್ನು ತಗೊಳ್ಳಿ, ಅದನ್ನು ಬಿಡಿ.

ಮಕ್ಕಳ_ಟೀಚರ್

ನಾನು ಸರ್ಕಾರಿ ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುತ್ತೇನೆ. ದುಬಾರಿ ಸಾಮಾನು ನಮ್ಮಲ್ಲಿ ಇಲ್ಲ, ಆದರೆ ಪ್ರಾಣಿಗಳು ತುಂಬಾ ಇವೆ. ಆನೆಗೆ ನಾವು ಕಂದು ಕಾಗದವನ್ನು ಉಂಡೆ ಮಾಡಿ, ಬಿಡಿಸಿ, ಮತ್ತೆ ಉಂಡೆ ಮಾಡಿ, ಮೇಲೆ ನೀರಾದ ಬಣ್ಣ ಬಳಿಯುತ್ತೇವೆ. ಮಡಿಕೆಗಳು ಬಣ್ಣ ಕುಡಿದು ಕಪ್ಪಾಗುತ್ತವೆ. ಚರ್ಮದ ಸುಕ್ಕು ತಯಾರು. ಚಿಪ್ಪುಹಂದಿಗೆ, ಆಮೆಗೆ ಬೆಂಡೆಕಾಯಿ ಅಚ್ಚು. ಕತ್ತರಿಸಿದ ಬೆಂಡೆಗೆ ಐದು ಮೂಲೆ ಇರುತ್ತದಲ್ಲ, ಸಾಲಾಗಿ ಒತ್ತಿದರೆ ಚಿಪ್ಪು. ಮೀನಿಗೆ ಒದ್ದೆ ಬಣ್ಣದ ಮೇಲೆ ಕಲ್ಲುಪ್ಪು. ಉಪ್ಪು ಸುತ್ತಲ ನೀರನ್ನು ಎಳೆದುಕೊಂಡು ಬಿಳಿ ಹೂವು ಬಿಡುತ್ತದೆ. ಬಣ್ಣದ ಹೊಳಪು ಹೋಗಿ ತೇವ ಉಳಿದಿರುವಾಗಲೇ ಹಾಕಬೇಕು. ಅದೇ ಉಪ್ಪು ನಿಮ್ಮ ಬಂಡೆಗೂ ಚೆನ್ನಾಗಿರುತ್ತದೆ ಮೇಡಂ. ಒಣಗಿದ ಮೇಲೆ ಪೂರ್ತಿ ಕೊಡವಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಬೆವರುತ್ತದೆ.

ಕರಡಿಗೆ ಒಣ ಹೀರೆಕಾಯಿ ನಾರನ್ನು ಬಣ್ಣದಲ್ಲಿ ಅದ್ದಿ ಒತ್ತಿಸಿದ್ದೆ. ಕರಡಿಗಿಂತ ಕುರಿಗೆ ಚೆನ್ನಾಗಿ ಬಂತು.

ಹಾಗೇ ಒಂದು ವಿಷಯ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ ಓದಲು ಸಿಗುತ್ತವೆ. ಬೇರೆಬೇರೆ ಕಲಾವಿದರು ಒಂದೇ ಪ್ರಾಣಿಯನ್ನು ಹೇಗೆ ಮಾಡಿದ್ದಾರೆ ಅಂತ ಪಕ್ಕಪಕ್ಕ ಇಟ್ಟು ನೋಡಿ. ನಾನು ಮಕ್ಕಳಿಗೆ ತೋರಿಸಿ ಯಾವುದು ಇಷ್ಟ ಅಂತ ಕೇಳುತ್ತೇನೆ. ನಮಗೆ ಇಷ್ಟವಾದದ್ದನ್ನು ಅವರು ಯಾವತ್ತೂ ಆರಿಸುವುದಿಲ್ಲ.

ಗೆರೆ_ಗೀಚು

ಪಾತ್ರದ ಬಗ್ಗೆ ಒಂದು. ಕ್ಯಾರೆಕ್ಟರ್ ಶೀಟ್ ಮಾಡಿಕೊಂಡಿದ್ದೀರಾ? ಎಲ್ಲರೂ ಅದನ್ನು ಬರೀ ಗೆರೆಯಲ್ಲಿ ಮಾಡುತ್ತಾರೆ. ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ. ಸಾಮಗ್ರಿ ಕೂಡಿಸುವವರಿಗೆ ಅದು ಸಾಲದು. ಅದೇ ಕಾಗದದ ಮೇಲೆ, ಅದೇ ಬಣ್ಣದಲ್ಲಿ ಪೂರ್ತಿ ಮುಗಿಸಿದ ಒಂದು ಕರಡಿ ಇರಬೇಕು. ಪಕ್ಕದಲ್ಲಿ ಅಡುಗೆಯ ಲೆಕ್ಕದ ಹಾಗೆ ಬರೆದಿಡಿ. ಯಾವ ಬಣ್ಣ, ಎಷ್ಟು ಪದರ, ಯಾವ ನಂಬರಿನ ಪೆನ್ಸಿಲ್, ಎಲ್ಲಿ ಒತ್ತಿದ್ದು. ಮೂರು ತಿಂಗಳ ಮೇಲೆ ಸಂಪಾದಕರು ಒಂದು ಪುಟ ಮತ್ತೆ ಮಾಡಿ ಅಂದಾಗ ಅದೇ ಕಾಪಾಡುವುದು.

ಕೆಲಸವನ್ನು ಪುಟದ ಲೆಕ್ಕದಲ್ಲಿ ಮಾಡಬೇಡಿ, ಹಂತದ ಲೆಕ್ಕದಲ್ಲಿ ಮಾಡಿ. ಎಲ್ಲ ಪುಟಗಳ ತಾಯಿ ಕರಡಿಗೆ ಮೊದಲ ಪದರ ಒಂದೇ ಸಲ. ಒಣಗಿದ ಮೇಲೆ ಎಲ್ಲಕ್ಕೂ ಎರಡನೆಯದು. ಮುಖಗಳನ್ನೆಲ್ಲ ಒಟ್ಟಿಗೆ ಕೂತು ಮುಗಿಸಿ. ಒಂದೊಂದೇ ಪುಟ ಮುಗಿಸುತ್ತಾ ಹೋದರೆ ಕೈ ಪಳಗುತ್ತಾ ಹೋಗುತ್ತದೆ. ಮೊದಲ ಪುಟದ ಕರಡಿ, ಕೊನೆಯ ಪುಟದ ಕರಡಿ ಅಕ್ಕತಂಗಿಯರಾಗುತ್ತವೆ, ಒಂದೇ ಆಗಿರುವುದಿಲ್ಲ.

ಮತ್ತೆ ಆ ಐದು ಪುಟಗಳ ಮರಿಗಳನ್ನು ಬೇರೆ ಹಾಳೆಯಲ್ಲಿ ಮಾಡಿ, ಕತ್ತರಿಸಿ, ತಾಯಿಯ ಬೆನ್ನಿಗೆ ಅಂಟಿಸಿ. ಕತ್ತರಿಸಿದ ಅಂಚೇ ಎರಡನ್ನೂ ಬೇರೆ ಮಾಡಿ ತೋರಿಸುತ್ತದೆ. ಮರಿ ಕೆಟ್ಟರೆ ಮರಿಯನ್ನು ಮಾತ್ರ ಮತ್ತೆ ಮಾಡಿದರಾಯಿತು.

ಒಂದೇ_ಪೆನ್ಸಿಲ್

ಜೀವ ಇರುವುದನ್ನು ಅಂಟಿಸಬಾರದು ಅಂತ ಈಗ ತಾನೇ ಒಪ್ಪಂದ ಆಗಿತ್ತು :)

ಗೆರೆ_ಗೀಚು

ಪೆನ್ಸಿಲಿನಲ್ಲಿ ಮಾಡಿ ಅಂಟಿಸುವುದು. ಕಾನೂನು ಮುರಿದಿಲ್ಲ.

ಪ್ರೆಸ್ಸಿನವ

ಗದಗಿನಿಂದ ಬರೆಯುತ್ತಿದ್ದೇನೆ ಅಕ್ಕಾರೆ. ನೀವು ಏನೇ ಬರೆದರೂ ಮಗುವಿನ ಕೈಗೆ ಹೋಗುವುದು ಅಚ್ಚಾದ ಕಾಗದ. ಆ ಕಡೆಯಿಂದ ಯೋಚಿಸಿ.

ಮೊದಲು ಕಪ್ಪು. ಮ್ಯಾಪ್‌ಲಿಥೋ ಅನ್ನುವ ಲೇಪನವಿಲ್ಲದ ಕಾಗದ ಮಸಿ ಹೀರುತ್ತದೆ, ಅಚ್ಚಿನ ಚುಕ್ಕಿ ಹಿಗ್ಗುತ್ತದೆ. ಮೂಲಚಿತ್ರದಲ್ಲಿ ಕಾಣುವ ನೀಲಿ-ಕಂದು ಆಟವೆಲ್ಲ ಅಚ್ಚಿನಲ್ಲಿ ಮುಚ್ಚಿಹೋಗಬಹುದು. ಆರ್ಟ್ ಪೇಪರಿನಲ್ಲಿ ಇಷ್ಟು ಆಗುವುದಿಲ್ಲ, ಆದರೆ ಅದು ಮಿನುಗುತ್ತದೆ, ಖರ್ಚೂ ಹೆಚ್ಚು. ಯಾವ ಕಾಗದದ ಮೇಲೆ ಅಚ್ಚು ಅಂತ ಈಗಲೇ ಕೇಳಿಕೊಳ್ಳಿ. ಮ್ಯಾಪ್‌ಲಿಥೋ ಅಂದರೆ ಕರಡಿಯನ್ನು ನಿಮ್ಮ ಮನಸ್ಸಿಗಿಂತ ಒಂದು ಹಂತ ತಿಳಿಯಾಗಿಯೇ ಬರೆಯಿರಿ. ಒಂದು ಪುಟ ಮುಗಿದ ಕೂಡಲೇ ಅದೇ ಕಾಗದದ ಮೇಲೆ ಪ್ರೂಫ್ ತೆಗೆಸಿ ನೋಡಿ. 23 ಪುಟ ಮುಗಿಸಿ ಬರಬೇಡಿ.

ಸ್ಕ್ಯಾನ್ 600 ಡಿಪಿಐನಲ್ಲಿ ಇರಲಿ, ಮುಂದೆ ದೊಡ್ಡದು ಮಾಡಬೇಕಾದರೆ ಅನುಕೂಲ. ಸುತ್ತ 3 ಮಿಲಿಮೀಟರ್ ಬ್ಲೀಡ್ ಬಿಡಿ, ಅಂದರೆ ಕತ್ತರಿಸುವ ಗೆರೆಯ ಆಚೆಗೂ ಚಿತ್ರ ಅಷ್ಟು ಮುಂದುವರಿದಿರಲಿ. ಎರಡು ಪುಟಕ್ಕೆ ಹರಡಿದ ಚಿತ್ರವಿದ್ದರೆ ಮೂತಿಯೋ ಕಣ್ಣೋ ನಡುವಿನ ಮಡಿಕೆಯಲ್ಲಿ ಬೀಳದಂತೆ ನೋಡಿಕೊಳ್ಳಿ. 24 ಪುಟ ಅಂದರೆ ಹದಿನಾರು ಪುಟದ ಫಾರಂ (ಒಂದೇ ಹಾಳೆಯಲ್ಲಿ ಅಚ್ಚಾಗಿ ಮಡಚುವ ಪುಟಗಳ ಕಟ್ಟು) ಲೆಕ್ಕದಲ್ಲಿ ಒಂದೂವರೆ ಫಾರಂ, ಅದು ಸರಿಯಾಗಿದೆ. ಕಥೆ ಬೆಳೆಸಿ 26 ಮಾಡಬೇಡಿ.

ಕೊಲಾಜ್ ಸ್ಕ್ಯಾನ್ ಮಾಡುವಾಗ ಬೆಳಕು ಒಂದು ಕಡೆಯಿಂದ ಬರುತ್ತದೆ. ಹರಿದ ಅಂಚಿನ ನೆರಳು ಒಂದೇ ಕಡೆ ಬೀಳುತ್ತದೆ. ಬಂಡೆಗೆ ಆ ನೆರಳು ಚೆಂದವೇ. ಆದರೆ ಎಲ್ಲ ಪುಟಗಳನ್ನೂ ಒಂದೇ ದಿಕ್ಕಿನಲ್ಲಿ ಇಟ್ಟು ಸ್ಕ್ಯಾನ್ ಮಾಡಿ. ಇಲ್ಲದಿದ್ದರೆ ಒಂದು ಪುಟದಲ್ಲಿ ಬೆಳಗ್ಗೆ, ಇನ್ನೊಂದರಲ್ಲಿ ಸಂಜೆ. ಲಗ್ನಪತ್ರಿಕೆಯ ಚಿನ್ನದ ಹಾಳೆ ಸ್ಕ್ಯಾನಿನಲ್ಲಿ ಚಿನ್ನವಾಗಿ ಬರುವುದಿಲ್ಲ, ಕೊಳಕು ಕಂದಾಗಿ ಬರುತ್ತದೆ. ಮಿಂಚುವ ಗುಲಾಬಿ, ಮಿಂಚುವ ಹಸಿರು ನಾಲ್ಕು ಬಣ್ಣದ ಅಚ್ಚಿನಲ್ಲಿ ಸತ್ತೇಹೋಗುತ್ತವೆ. ತೀರ ತಿಳಿಯಾದ ಪೆನ್ಸಿಲ್ ಗೆರೆಗಳನ್ನು ಸ್ಕ್ಯಾನರ್ ನುಂಗುತ್ತದೆ, ಮೂತಿಯ ಮಾಸಲು ಬಿಳಿಗೆ ಸ್ವಲ್ಪ ಗಟ್ಟಿ ಗೆರೆ ಬೇಕು.

ಹಳೇಬ್ರಷ್

ಮೇಣದ ಪೆನ್ಸಿಲಿನ ಬಗ್ಗೆ ಒಂದು ಸೇರಿಸುತ್ತೇನೆ. ಕಪ್ಪನ್ನು ಗಟ್ಟಿಯಾಗಿ ಹಚ್ಚಿ ಕೆಲವು ದಿನ ಬಿಟ್ಟರೆ ಮೇಲೆ ಬೂದಿಯಂಥ ಮಬ್ಬು ಏಳುತ್ತದೆ. ಬೂಷ್ಟು ಅಂದುಕೊಂಡು ಹೆದರಬೇಡಿ, ಮೇಣ ಮೇಲೆ ಬಂದಿರುವುದು. ಮೆತ್ತನೆ ಬಟ್ಟೆಯಲ್ಲಿ ಹಗುರವಾಗಿ ಒರೆಸಿದರೆ ಹೋಗುತ್ತದೆ. ಸ್ಕ್ಯಾನ್ ಮಾಡುವ ದಿನವೇ ಒರೆಸಿ. ಎಣ್ಣೆ ಆಧಾರದ ಪೆನ್ಸಿಲ್ ಆದರೆ ಈ ಕಾಟ ಇಲ್ಲ.

ಗೆರೆ_ಗೀಚು

ಇಷ್ಟೆಲ್ಲ ತಾಪತ್ರಯ ಯಾಕೆ? ಬಂಡೆ, ಹುತ್ತ, ಆಕಾಶ, ಕರಡಿ ಎಲ್ಲ ಬೇರೆಬೇರೆ ಹಾಳೆಯಲ್ಲಿ ಕೈಯಿಂದ ಮಾಡಿ. ಸ್ಕ್ಯಾನ್ ಮಾಡಿ ಕೃತಾ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಜೋಡಿಸಿ. ಅದು ಉಚಿತ. ಅಂಟು ಬೇಡ, ಸುಕ್ಕು ಇಲ್ಲ, ಕರಡಿಯನ್ನು ಎರಡು ಸೆಂಟಿಮೀಟರ್ ಸರಿಸಿ ಅಂದರೆ ಸರಿಸಬಹುದು.

ಕರಾವಳಿ_ಕತ್ತರಿ

ಆಮೇಲೆ ಗೋಡೆಗೆ ಹಾಕಲು ಏನಿರುತ್ತದೆ? ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಪೆನ್‌ಡ್ರೈವ್ ತಗೊಂಡು ಹೋಗಲು ಆಗುತ್ತದಾ? ಪುಸ್ತಕದ ಮೂಲಚಿತ್ರ ಮಾರಿದರೆ ಬರುವ ದುಡ್ಡನ್ನು ಕಡೆಗಣಿಸಬೇಡಿ. ಮತ್ತೆ, ಜೋಡಿಸಿದ್ದರಲ್ಲಿ ಹರಿದ ಅಂಚಿನ ನೆರಳು ಸುಳ್ಳಾಗಿ ಕಾಣುತ್ತದೆ.

ತುಂಗಭದ್ರೆ_ಕುಂಚ

ಇಬ್ಬರದೂ ಅರ್ಧರ್ಧ ತಗೊಳ್ಳುತ್ತೇನೆ. ಮರಿಗಳು ಬೆನ್ನ ಮೇಲಿರುವ ಆ ಐದು ಪುಟಗಳನ್ನು ಮಾತ್ರ ಬೇರೆಬೇರೆ ಮಾಡಿ ಕಂಪ್ಯೂಟರಿನಲ್ಲಿ ಕೂಡಿಸುತ್ತೇನೆ. ಗೆಳತಿ ಆ ಭಾಗದ ಮಾತನ್ನು ಇನ್ನೂ ತಿದ್ದುತ್ತಿದ್ದಾಳೆ. ಉಳಿದ ಪುಟಗಳೆಲ್ಲ ಹಾಳೆಯ ಮೇಲೆ ಅಂಟಿಸಿಯೇ. ತಾಯಿ ತಂಪು ಕಪ್ಪು, ಮರಿ ಬೆಚ್ಚನೆಯ ಕಪ್ಪು. ಜೀವ ಇರುವುದಕ್ಕೆ ಪೆನ್ಸಿಲ್, ಬಂಡೆಗೆ ಕಾಗದ, ಆಕಾಶಕ್ಕೆ ವಾಟರ್‌ಕಲರ್. ಹುತ್ತಕ್ಕೆ ಕೆಮ್ಮಣ್ಣು. ಅದೊಂದು ಯಾವ ಗುಂಪಿಗೂ ಸೇರದಿದ್ದರೂ ಪರವಾಗಿಲ್ಲ, ಕಥೆಯಲ್ಲೂ ಅದು ಹಾಗೇ ಇದೆ. ಒಂದೇ_ಪೆನ್ಸಿಲ್ ಸರ್ ಒಪ್ಪುತ್ತಾರಾ?

ಒಂದೇ_ಪೆನ್ಸಿಲ್

ಹುತ್ತ ಬರುವ ಪುಟಗಳಲ್ಲಿ ಬೇರೆ ಎಲ್ಲೂ ಮಣ್ಣು ಬಳಸದಿದ್ದರೆ ಒಪ್ಪುತ್ತೇನೆ. ನೆಲಕ್ಕೂ ಅದನ್ನೇ ಬಳಿದರೆ ಹುತ್ತ ಕಾಣುವುದೇ ಇಲ್ಲ.

ತುಂಗಭದ್ರೆ_ಕುಂಚ

ನೆಲಕ್ಕೆ ಒಣಹುಲ್ಲು, ಮೇಣದಬತ್ತಿಯ ಗೀರು. ಇನ್ನೊಂದೇ ಪ್ರಶ್ನೆ. ಮುಖಪುಟದ ಹುತ್ತ ದೊಡ್ಡದು. ಮಣ್ಣಿನ ಜೊತೆ ಸ್ವಲ್ಪ ಮರದ ಹೊಟ್ಟು ಕಲಸಿ ಉಬ್ಬು ಬರಿಸಿದ್ದೇನೆ. ಇದನ್ನು ಸ್ಕ್ಯಾನ್ ಮಾಡಬಹುದಾ?

ಪ್ರೆಸ್ಸಿನವ

ಬೇಡ ಅಕ್ಕಾರೆ. ಉಬ್ಬು ಗಾಜಿಗೆ ತಾಗಿ ಗೀರು ಬೀಳುತ್ತದೆ, ಸುತ್ತಲಿನ ಭಾಗ ಗಾಜಿನಿಂದ ದೂರ ಉಳಿದು ಮಬ್ಬಾಗುತ್ತದೆ. ಮುಖಪುಟವನ್ನು ಮಾತ್ರ ಫೋಟೋ ತೆಗೆಸಿ. ಕ್ಯಾಮೆರಾ ನೇರ ಮೇಲೆ ಇರಲಿ, ಬೆಳಕು ಎಡಗಡೆಯಿಂದ ಓರೆಯಾಗಿ ಬರಲಿ. ಒಳಪುಟಗಳಲ್ಲಿ ನೆರಳು ಯಾವ ಕಡೆ ಬಿದ್ದಿದೆ ಅಂತ ನೋಡಿಕೊಂಡು ಬೇಕಾದರೆ ಬಲಗಡೆ ಮಾಡಿ. ಪಕ್ಕದಲ್ಲಿ ಒಂದು ಬೂದು ಕಾರ್ಡ್ ಇಟ್ಟಿರಿ, ಬಣ್ಣ ಸರಿಮಾಡಲು ನಮಗೆ ಅದು ಬೇಕು.